ನಶ್ಯದ ಡಬ್ಬಿ ಕಳಿಸಲಾಗುವುದಿಲ್ಲ

ಕೋಪವನ್ನು ಸದಾ ಮೂಗಿನ ತುದಿಯಲ್ಲೇ ಇಟ್ಟುಕೊಂಡಿರುವ ನನ್ನ ಅತ್ತೆಯವರಿಗೆ,

ಅಳಿಯನ ನಮಸ್ಕಾರಗಳು. ನೀವು ನಿನ್ನೆ ನಿಮ್ಮ ಮಗಳಿಗೆ ಫೋನು ಮಾಡಿ, ನನಗೆ ಕೇಳಿಸಬಾರದೆಂದು ಮೆಲ್ಲಗೆ, "ಅವನು ಸ್ನಾನಕ್ಕೆ ಹೋದಾಗ ಅಂಗಿ ಜೇಬಿಂದ ನನ್ನ ಡಬ್ಬಿ ತೆಗ್ದು ಬಸ್ ಡ್ರೈವರ್ ಕೈಲಿ ಕಳಿಸಿಬಿಡೇ" ಎಂದಿರಿ. ನಿಮ್ಮ ಮೆಲುದನಿ ಪಕ್ಕದ ಮನೆಗೂ ಕೇಳಿಸುತ್ತದೆ ಎನ್ನುವುದನ್ನು ಇಷ್ಟು ವರ್ಷವಾದರೂ ಯಾರೂ ನಿಮಗೆ ಹೇಳಿಲ್ಲ. ಕ್ಷಮಿಸಬೇಕು ಅತ್ತೆ, ಡಬ್ಬಿ ಕಳಿಸಲಾಗುವುದಿಲ್ಲ. ಕಾರಣ ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರ ಹಾಗೆ ನಾಟಕ ಮಾಡುತ್ತೀರಿ ಎಂದು ನನಗೂ ಗೊತ್ತಿರುವುದರಿಂದ ಎಲ್ಲವನ್ನೂ ಮೊದಲಿಂದ ನೆನಪಿಸುತ್ತಿದ್ದೇನೆ.

ಹಾಲಿನ ಡೇರಿಯವರ ವ್ಯಾನಿನ ಮೇಲೆ ಹಸು ಬರೆಯುವ ಕೆಲಸ ನನಗೆ ಸಿಕ್ಕಿತ್ತು. ಕುಡಿದ ಅಮಲಿನಲ್ಲಿ ಪಕ್ಕದಲ್ಲಿ ನಿಂತಿದ್ದ ಪೊಲೀಸ್ ವ್ಯಾನಿನ ಮೇಲೆ ಬರೆದೆ. ಒಳ್ಳೆಯ ಹಸು, ಅದನ್ನು ಪೊಲೀಸರೂ ಅಲ್ಲಗಳೆಯಲಿಲ್ಲ. ಒಳಗೆ ಮಲಗಿದ್ದ ಪೇದೆ ಎದ್ದು ಬಂದು ಕೈ ಹಿಡಿದಾಗ, "ತಡಿಯಪ್ಪಾ, ಇನ್ನೂ ಬಾಲ ಬಾಕಿ ಇದೆ" ಎಂದು ತಳ್ಳಿಬಿಟ್ಟೆ. ಅವನು ಹೋಗಿ ಬಣ್ಣದ ಬಕೆಟ್ಟಿನಲ್ಲಿ ಕೂತ. ಅದಕ್ಕೆ ಮುಂಚೆಯೂ ನನ್ನ ಹೆಸರಲ್ಲಿ ಕುಡಿದು ಗಲಾಟೆ ಮಾಡಿದ ಕೇಸುಗಳಿದ್ದವು. ನ್ಯಾಯಾಧೀಶರಿಗೆ ಸಾಕಾಗಿಹೋಗಿತ್ತು. ಒಂದೋ ಜೈಲಿಗೆ ಹೋಗು, ಇಲ್ಲವೇ ಕುಡಿತ ಬಿಡಿಸುವ ಕೇಂದ್ರಕ್ಕೆ ದಿನಾ ಹೋಗು. ಆದರೆ ಮನೆಯವರೊಬ್ಬರು ಜಾಮೀನು ನಿಂತು ನಿನ್ನ ಜೊತೆ ಬರಬೇಕು, ಅವರು ಬೇಡವೆಂದ ದಿನ ನೇರ ಜೈಲು ಎಂದರು. ನಿಮ್ಮ ಮಗಳು ತಲೆ ತಗ್ಗಿಸಿ ಕೂತಳು. ನನ್ನ ತಮ್ಮ ಅಷ್ಟರಲ್ಲಾಗಲೇ ಕೋರ್ಟಿನ ಮೆಟ್ಟಿಲಿಳಿದು ನಾಪತ್ತೆಯಾಗಿದ್ದ. ಎದ್ದು ನಿಂತವರು ನೀವು.

"ಇವನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ ಸ್ವಾಮಿ. ಅದಕ್ಕೇ ನಾನು ನಿಲ್ತೀನಿ. ನಂಬಿಕೆ ಇರೋರು ನಿಂತ್ರೆ ಕಣ್ಣು ಮುಚ್ಕೊಂಡು ಕೂತಿರ್ತಾರೆ" ಎಂದಿರಿ. ಅಷ್ಟು ಹೇಳಿ ಒಂದು ಚಿಟಿಕೆ ನಶ್ಯ ಏರಿಸಿದಿರಿ. ನಿಮ್ಮ ಸೀನಿಗೆ ಗುಮಾಸ್ತರ ಮೇಜಿನ ಕಾಗದಗಳೆಲ್ಲ ಹಾರಿದವು.

ಟೈರ್ ಅಂಗಡಿಯ ಮಹಡಿಯ ಮೇಲಿನ ಆ ಕೋಣೆ ನೆನಪಿದೆಯೇ? ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು, ಕೆಳಗಿಂದ ಬರುವ ರಬ್ಬರಿನ ವಾಸನೆ, ಕೂತವರೆಲ್ಲ ಕೋರ್ಟು ಕಳಿಸಿದ ಗಿರಾಕಿಗಳು. ಸಮಾಲೋಚಕಿ ಮೇಡಂ ಮೊದಲ ದಿನ, "ನಿಮ್ಮ ಬಗ್ಗೆ ಹೇಳಿ" ಎಂದದ್ದೇ ತಡ, ಅಭ್ಯಾಸಬಲ ನೋಡಿ, ಎದ್ದು ಕೈಮುಗಿದು, "ನಾನು ನಿರಪರಾಧಿ ಸ್ವಾಮಿ" ಎಂದುಬಿಟ್ಟೆ. ಬಾಗಿಲಾಚೆ ಕೂತು, ಹೊಲಿಗೆಗೆ ಒಪ್ಪಿಕೊಂಡಿದ್ದ ಶಾಲೆಯ ಯೂನಿಫಾರ್ಮುಗಳಿಗೆ ಗುಂಡಿ ಹೊಲಿಯುತ್ತಿದ್ದ ನೀವು ಅಲ್ಲಿಂದಲೇ "ಸುಳ್ಳು!" ಎಂದು ಕೂಗಿದಿರಿ. ಮೂತ್ರ ಪರೀಕ್ಷೆಯ ದಿನ ಕಕ್ಕಸಿನ ಬಾಗಿಲಿಗೆ ಕಾವಲು ನಿಂತು, "ಅದು ಇವನದ್ದೇ ತಾನೇ?" ಎಂದು ನರ್ಸಮ್ಮನನ್ನು ಕೇಳಿದಿರಿ. ನನ್ನ ಮಾನ ಮೂರುಕಾಸಿಗೆ ಹೋಯಿತು. ಮೇಡಂ ಮಾತ್ರ ಖುಷಿಪಟ್ಟು, ಹೇಗೂ ಮೂಗು ತೂರಿಸುತ್ತೀರಿ, ಒಳಗೇ ಬಂದು ಕೂತುಬಿಡಿ ಎಂದು ನಿಮಗೊಂದು ಕುರ್ಚಿ ಹಾಕಿಸಿದರು.

ಅದೇ ಎಡವಟ್ಟಾಯಿತು. ಒಂದು ದಿನ ನೀವು ಎಲ್ಲರಿಗೂ ಬುದ್ಧಿ ಹೇಳುತ್ತಾ, "ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಬಿಡಕ್ಕೆ ಏನ್ರೋ ಕಷ್ಟ" ಎನ್ನುತ್ತಲೇ ಡಬ್ಬಿ ತೆರೆದಿರಿ. ನನ್ನ ಪಕ್ಕದ ಮಾಜಿ ಜೇಬುಗಳ್ಳ ಬಲು ವಿನಯದಿಂದ, "ಅಮ್ಮಾ, ಅದೂ ಚಟಾನೇ ಅಲ್ವಾ?" ಎಂದ. ಮೂಗಿನೊಳಗೆ ಹುಣ್ಣಾಗಿದೆ, ನಶ್ಯ ಬಿಡದಿದ್ದರೆ ಕೆಟ್ಟದ್ದಕ್ಕೆ ತಿರುಗುತ್ತದೆ ಎಂದು ಡಾಕ್ಟರು ನಿಮಗೆ ಹೇಳಿದ್ದು ನನಗೆ ಗೊತ್ತಿತ್ತು; ಹೇಳುವ ಧೈರ್ಯವಿರಲಿಲ್ಲ. ನೀವು ಕೆಂಡಾಮಂಡಲವಾಗಿ, "ಅದೇ ಬೇರೆ ಇದೇ ಬೇರೆ! ನಾನು ಯಾವಾಗ ಬೇಕಾದ್ರೂ ಬಿಡಬಲ್ಲೆ!" ಎಂದಿರಿ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಅತ್ತೆ, ಅದು ನಿಮ್ಮನ್ನು ಆಡಿಕೊಂಡು ನಕ್ಕದ್ದಲ್ಲ. ನ್ಯಾಯಾಧೀಶರ ಮುಂದೆ ನಾವೆಲ್ಲರೂ ಒಂದಕ್ಷರ ಬದಲಿಸದೆ ಹೇಳಿದ್ದ ಮಾತು ಅದು.

ಮಾರನೆಯ ಬೆಳಿಗ್ಗೆ ಡಬ್ಬಿಯನ್ನು ನನ್ನ ಅಂಗೈಯಲ್ಲಿ ಕುಕ್ಕಿ, "ಇಟ್ಕೋ. ನೀನು ಕುಡಿದ ದಿನ ಇದನ್ನ ನನಗೆ ವಾಪಸ್ ಕೊಡಬೇಕು. ಅಲ್ಲೀತನಕ ನಾನು ಕೇಳಿದ್ರೂ ಕೊಡಬೇಡ" ಎಂದಿರಿ. ಗಮನಿಸಿ, ಕೇಳಿದ್ರೂ ಕೊಡಬೇಡ.

ಕೊನೆಯ ವಿಚಾರಣೆಯಲ್ಲಿ ನ್ಯಾಯಾಧೀಶರು, "ಏನಮ್ಮಾ, ಅಳಿಯ ಸುಧಾರಿಸಿದಾನಾ?" ಎಂದು ಕೇಳಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. "ಕುಡಿದಿಲ್ಲ ಸ್ವಾಮಿ. ಸುಧಾರಿಸೋದು ಅಂದ್ರೆ, ಅದು ಮದುವೆಗೆ ಮುಂಚೇನೇ ಆಗಬೇಕಿತ್ತು" ಎಂದಿರಿ. ನ್ಯಾಯಾಧೀಶರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದು ಕೇಸು ಮುಗಿಸಿದರು. ಅಲ್ಲಿಯವರೆಗೆ ನಮ್ಮ ಮನೆಯಲ್ಲೇ ಇದ್ದ ನೀವು ಮಾರನೆಯ ದಿನ, ಊರಲ್ಲಿ ಬಿಟ್ಟುಬಂದ ಹೊಲಿಗೆ ಯಂತ್ರದ ಚಿಂತೆಯೆಂದು ನಿಮ್ಮೂರಿಗೆ ಹೊರಟುಬಿಟ್ಟಿರಿ. ನೀವು ಹೋದ ಮೇಲೆ ಮನೆಯಲ್ಲಿ ನನ್ನನ್ನು ಅನುಮಾನದಿಂದ ನೋಡುವವರೇ ಇಲ್ಲ. ನಿಜ ಹೇಳುತ್ತೇನೆ, ಭಯವಾಗುತ್ತದೆ.

ಮೊನ್ನೆ ಒಂದು ಬಾರಿನ ಬೋರ್ಡು ಬರೆಯಲು ಹೋಗಿದ್ದೆ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಮಾಲೀಕ ಉಪಚಾರಕ್ಕೆಂದು ಒಂದು ಗ್ಲಾಸು ತುಂಬಿಸಿ ಮುಂದಿಟ್ಟ. ನನಗೆ ಆಸೆಯಾಯಿತು ಅತ್ತೆ. ಬಾಯಲ್ಲಿ ನೀರೂರಿತು. ಕರ್ಚೀಫಿಗೆಂದು ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ನಿಮ್ಮ ಡಬ್ಬಿ. ಇದನ್ನು ಕುಡಿದರೆ ಇಂದೇ ಬಸ್ಸು ಹತ್ತಿ ನಿಮ್ಮ ಕೈಗೆ ಡಬ್ಬಿ ಕೊಡಬೇಕು, ನೀವು ಮತ್ತೆ ಆ ಹುಣ್ಣಿನ ಮೂಗಿಗೆ ಏರಿಸುತ್ತೀರಿ, ಆಮೇಲೆ ನನ್ನನ್ನು ಬೈಯಲು ಯಾರಿರುತ್ತಾರೆ ಎಂದುಕೊಂಡೆ. ಏನು ಮಾಡಲೂ ತೋಚದೆ ಡಬ್ಬಿ ತೆರೆದು ಒಂದು ಚಿಟಿಕೆ ನಾನೇ ಏರಿಸಿಬಿಟ್ಟೆ. ಅಯ್ಯೋ, ಅದೇನು ಸೀನು! ಗ್ಲಾಸು ಉರುಳಿ ಬಾರಿನವನ ಪಂಚೆ ನೆನೆಯಿತು, ನಾನು ಏಣಿ ಹೊತ್ತು ಓಡಿ ಬಂದೆ. ಬೋರ್ಡು ಅರ್ಧಕ್ಕೇ ನಿಂತಿದೆ. ಡಬ್ಬಿಯಲ್ಲಿ ಒಂದು ಚಿಟಿಕೆ ಕಡಿಮೆಯಿದೆ, ಮನ್ನಿಸಿ.

ಆದ್ದರಿಂದ ನಿಮಗೆ ಡಬ್ಬಿ ಬೇಕೇಬೇಕೆಂದರೆ ಒಂದೇ ದಾರಿ. ನೀವೇ ಇಲ್ಲಿಗೆ ಬಂದು, ನಿಮ್ಮ ಕೈಯಾರೆ ನನಗೊಂದು ಗ್ಲಾಸು ಕುಡಿಸಬೇಕು. ಕುಡಿಸುವ ಮನಸ್ಸು ಬರದಿದ್ದರೆ, ಹೇಗೂ ಬಂದಿರುತ್ತೀರಲ್ಲ, ಟೈರ್ ಅಂಗಡಿಯ ಮಹಡಿ ಹತ್ತೋಣ. ನಾನು ಈಗಲೂ ಹೋಗುತ್ತೇನೆ, ಕೋರ್ಟು ಹೇಳದಿದ್ದರೂ. ನಿಮ್ಮ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಜೇಬುಗಳ್ಳ ದಿನಾ ಅದರ ಧೂಳು ಒರೆಸುತ್ತಾನೆ.

ನಿಮ್ಮ ಮೂಗು ನೂರು ವರ್ಷ ತಣ್ಣಗಿರಲಿ. ಅದನ್ನು ನನ್ನ ವಿಷಯದಲ್ಲಿ ತೂರಿಸುತ್ತಲೇ ಇರಿ.

ಇಂತಿ,
ಈಗ ನಿಮಗೆ ಜಾಮೀನು ನಿಂತಿರುವ,
ನಿಮ್ಮ ಅಳಿಯ