ಜಗ್ಗಿ ನೋಡದೆ ಹೊರಟ ಗಾಡಿ

ನೆಬ್ರಾಸ್ಕ, ಗೋಧಿ ಹೊಲದ ಬದಿಯಿಂದ
ಜುಲೈ 19

ಜಾನೆಲ್,

ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸ ಸಿಕ್ಕಿದ್ದೇ ತಡ, ಅಜ್ಜಿ ಇದ್ದಾಳೋ ಸತ್ತಳೋ ಎಂದು ಕೇಳುವ ಬಾಯಿಗೂ ಬೀಗ ಹಾಕಿಕೊಂಡೆಯಾ? ನಾನೂ ಬರೆಯಲಿಲ್ಲ, ನಿಜ. ತಪ್ಪಾಯಿತು. ಆದರೆ ನನಗೆ ಕಾರಣವಿತ್ತು. ನಿನಗೆ ಸೋಮಾರಿತನ ಬಿಟ್ಟರೆ ಇನ್ನೇನಿದೆ?

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಓಕ್ಲಹೋಮದಲ್ಲಿ ಗೋಧಿ ಬರೀ ಜೊಳ್ಳು, ಇಲ್ಲಿ ಕಾಳು ಗಟ್ಟಿ. ಕೊಯ್ಲು ಯಂತ್ರಗಳು ಇನ್ನೂ ಕೈಕೊಟ್ಟಿಲ್ಲ. ನಿನ್ನಪ್ಪ ವೆಂಡೆಲ್ ಟೋಪಿ ಹಾಕದೆ ಮೆರೆದು ಕುತ್ತಿಗೆಯನ್ನು ಕೆಂಪು ಮೂಲಂಗಿ ಮಾಡಿಕೊಂಡಿದ್ದಾನೆ.

ಈಗ ಕಾರಣ ಹೇಳುತ್ತೇನೆ. ಕ್ಯಾನ್ಸಸ್ಸಿನ ಕೊಯ್ಲು ಮುಗಿಸಿ ನಮ್ಮ ಕೊಯ್ಲಿನ ತಂಡ ಮುಂದಿನ ಹೊಲಗಳಿಗೆಂದು ಉತ್ತರಕ್ಕೆ ಹೊರಟ ದಿನ, ಅಡುಗೆಮನೆಯ ಟ್ರೇಲರನ್ನು ಪಿಕಪ್ಪಿಗೆ ಕಟ್ಟಿ ಎಳೆದೊಯ್ಯುವ ಕೆಲಸ ಎಂದಿನಂತೆ ನನ್ನ ಪಾಲಿಗೆ. ಪಿಕಪ್ಪಿನ ತೊಟ್ಟಿಯೊಳಗೆ ತಲೆ ತೂರಿಸಿ, ಟ್ರೇಲರಿನ ಮುಂದೆ ಬಾತುಕೋಳಿಯ ಕತ್ತಿನಂತೆ ಬಾಗಿದ ಕೊಂಡಿ ಕಬ್ಬಿಣದ ಚೆಂಡಿನ ಮೇಲೆ ಸರಿಯಾಗಿ ಕೂತಿದೆಯೇ, ಚಿಲಕ ಬಿದ್ದಿದೆಯೇ ಎಂದು ನೋಡುತ್ತಿದ್ದವಳು ನೀನು. ಈ ಸಲ ನಿನ್ನಮ್ಮ ಟ್ರಿಷಾ ಬಂದಳು.

"ಅತ್ತೆ, ನಾನೊಂದ್ಸಲ ನೋಡ್ಲಾ?"

"ನೀನು ಬೀನ್ಸ್ ಪಾತ್ರೆ ಮುಚ್ಚಳ ನೋಡ್ಕೋ ಹೋಗು. ನಿನ್ನ ಮದುವೆಗೆ ಮೊದ್ಲಿಂದ ಕಟ್ತಿದ್ದೀನಿ ಇದನ್ನ."

ಚಿಲಕ ತಳ್ಳಿದೆ. ಟಕ್ಕೆಂದ ಹಾಗಾಯಿತು. ಹೊರಡುವ ಮುಂಚೆ ಟ್ರೇಲರಿನ ಬ್ರೇಕ್ ಹಿಡಿದು, ಪಿಕಪ್ಪನ್ನು ಒಮ್ಮೆ ಮುಂದಕ್ಕೆ ಜಗ್ಗಿ ನೋಡಬೇಕು. ಗಟ್ಟಿಯಾಗಿದ್ದರೆ ಮಾತ್ರ ಚಕ್ರ ಉರುಳಬೇಕು. ತಂಡದ ಒಬ್ಬೊಬ್ಬರ ತಲೆಗೂ ಇದನ್ನು ಕುಟ್ಟಿ ತುಂಬಿದವಳು ನಾನು. ಅವತ್ತು ನಾನೇ ಜಗ್ಗಲಿಲ್ಲ. ಯಂತ್ರಗಳೆಲ್ಲ ಮುಂದೆ ಹೋಗಿದ್ದವು; ಮುದುಕಿಯಿಂದ ತಡವಾಯಿತು ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

ಚಿಲಕ ಬಿದ್ದೇ ಇರಲಿಲ್ಲ; ಊರಾಚೆಯ ಡೀಸೆಲ್ ಬಂಕಿನವರೆಗೆ ಟ್ರೇಲರ್ ತನ್ನ ಭಾರಕ್ಕೇ ಕೂತು ಬಂದಿತು. ಬಂಕಿನಿಂದ ರಸ್ತೆಗೆ ಇಳಿಯುವ ತಗ್ಗಿನಲ್ಲಿ ಎಗರಿ, ಕತ್ತು ಕಳಚಿ, ಪಿಕಪ್ಪಿನ ಅಂಚಿನ ಮೇಲೆ ಧಡಾರನೆ ಬಿತ್ತು. ಎರಡಕ್ಕೂ ಬಿಗಿದಿದ್ದ ಸರಪಳಿ ಹಿಡಿದುಕೊಂಡಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಪಿಕಪ್ಪಿನ ತಗಡು ಕಾಗದದಂತೆ ಮುದುಡಿತು. ಟ್ರೇಲರಿನೊಳಗೆ ಬೀನ್ಸು, ಚೆರ್ರಿ ಪೈಗಳೆಲ್ಲ ನೆಲದ ಪಾಲು. ಮುಚ್ಚಳವೇನೋ ಗಟ್ಟಿಯಾಗಿಯೇ ಇತ್ತು, ಪಾತ್ರೆಯೇ ಬಿರಿದಿತ್ತು.

ಬಂಕಿನಲ್ಲಿ ಬೇರೆ ತಂಡದವರೂ ಇದ್ದರು. ಅವರಲ್ಲಿ ಆ ದಢೂತಿ ಡೆಲ್ಬರ್ಟ್. ಹೋದ ವರ್ಷ ಅವನು ತನ್ನ ಪಿಕಪ್ಪಿನ ಹಿಂಬಾಗಿಲು ಇಳಿಸದೆ ಟ್ರೇಲರಿನತ್ತ ಹಿಮ್ಮುಖ ಹೋಗಿ ಆ ಬಾಗಿಲನ್ನು ಚಪ್ಪಟೆ ಮಾಡಿಕೊಂಡಾಗ, "ಇಸ್ತ್ರಿ ಚೆನ್ನಾಗಿ ಮಾಡ್ತೀಯಲ್ಲೋ, ನನ್ನ ಏಪ್ರನ್ನೂ ಕೊಡ್ಲಾ?" ಎಂದು ಬಂಕೇ ನಗುವಂತೆ ಕೇಳಿದ್ದೆ. "ಬಾಯ್ಮುಚ್ಚೇ ಮುದ್ಕಿ" ಅಂದಿದ್ದ. ಈಗ ಸಾಲ ತೀರಿಸುತ್ತಾನೆ ಎಂದು ಕಾದೆ. ಅವನು ಟೋಪಿ ತೆಗೆದು ಬಾಗಿಲು ಹಿಡಿದು, "ನಿಧಾನಕ್ಕೆ ಇಳೀರಿ ಅಜ್ಜಿ, ಕೈ ಕೊಡಿ" ಅಂದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಿನ್ನಪ್ಪ ಹಿಂದಿರುಗಿ ಬಂದು ಜಾಕ್ ಕೊಟ್ಟು ಎತ್ತಿದ. ಟ್ರಿಷಾ ನೆಲದ ಮೇಲಿನ ಪೈ ಬಳಿದಳು. ಅಲ್ಲಿಂದ ಇಲ್ಲಿಯವರೆಗೆ ಅವಳೇ ಓಡಿಸಿದಳು. ನಾನು ಪಕ್ಕದಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಇಗರ್ಜಿಗೆ ಹೊರಟವಳ ಹಾಗೆ ಕೂತಿದ್ದೆ. ಹೊರಡುವ ಮುಂಚೆ ಅವಳು ಜಗ್ಗಿ ನೋಡಿದಳು. ಸರಿಯಾಗಿಯೇ ಜಗ್ಗಿದಳು, ಹಾಳಾದವಳು.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಜ್ಜಿ
ಆರ್ಡಿತ್

ತಾ.ಕ.: ನೀನು ಒಮ್ಮೆ ಟ್ರೇಲರನ್ನು ನಿಲ್ಲಿಸಲು ನೆಲಕ್ಕೂರುವ ಕಾಲನ್ನು ಮೇಲೆತ್ತದೆ ಎಳೆದುಕೊಂಡು ಹೊರಟಿದ್ದು ನೆನಪಿದೆಯಾ? ನಿನ್ನಪ್ಪ ಇಡೀ ಹೊಲಕ್ಕೆ ಕೇಳುವಂತೆ ಬೈದ, ನಾನೂ ದನಿಗೂಡಿಸಿದೆ. ಮಾರನೆಯ ಬೆಳಿಗ್ಗೆ ಚಾವಿಯನ್ನು ಮತ್ತೆ ನಿನ್ನತ್ತಲೇ ಎಸೆದ. ಈ ಸಲ ನನಗೆ ಮಾತ್ರ, "ಇರ್ಲಿ ಬಿಡಮ್ಮ, ಯಾರಿಗಾದ್ರೂ ಆಗುತ್ತೆ" ಅಂದ. ಮನೆಗೆ ಬಂದ ನೆಂಟರ ಹತ್ತಿರ ಮಾತಾಡುವ ಹಾಗೆ. ಒಬ್ಬರೂ ಬೈಯಲಿಲ್ಲ ಜಾನೆಲ್. ಚಾವಿಯೂ ನನ್ನ ಕೈಗೆ ಬರಲಿಲ್ಲ. ನಿನ್ನದು ನನ್ನದೇ ನಾಲಿಗೆ. ಸಮಾಧಾನದ ಮಾತು ಒಂದೂ ಬೇಡ. ಆಗಸ್ಟ್ ಹುಟ್ಟುವ ಮೊದಲು ನನಗೆ ಬೈದು ಕಾಗದ ಬರಿ.