ಕೇಳಬೇಡಿ ಅಂದಿದ್ದೆಯಂತೆ

ಅಮ್ಮಾ,

ಈ ಕಾಗದ ನಿನಗೆ ಓದಲಿಕ್ಕಾಗದು. ಬದುಕಿದ್ದಾಗಲೂ ಆಗುತ್ತಿರಲಿಲ್ಲ ಬಿಡು. ನನ್ನ ಅಕ್ಷರ ನಿನಗೆ ಬಾರದು, ನಿನ್ನ ಅಕ್ಷರ ನನ್ನ ತಲೆಗೆ ಹತ್ತಲಿಲ್ಲ. ಇಷ್ಟು ವರ್ಷ ನಾವಿಬ್ಬರೂ ಮುರುಕು ಮಾತಿನಲ್ಲೇ ಕಾಲ ಹಾಕಿದೆವು. ಅನ್ನ ಆಯಿತಾ, ಆಯಿತು. ಬಿಸಿಲು ಜಾಸ್ತಿ, ಹೌದು ಜಾಸ್ತಿ. ಮೊಣಕಾಲು ಹೇಗಿದೆ, ಹಾಗೇ ಇದೆ. ಅಷ್ಟರಲ್ಲಿ ನನ್ನ ಮಾತಿನ ಗಂಟು ಖಾಲಿಯಾಗುತ್ತಿತ್ತು. ಪೂರ್ತಿ ವಾಕ್ಯಗಳಲ್ಲಿ ನಿನ್ನ ಹತ್ತಿರ ಮಾತಾಡುತ್ತಿರುವುದು ಇದೇ ಮೊದಲು, ಸ್ವಲ್ಪ ಉದ್ದವಾದರೆ ಸಹಿಸಿಕೋ.

ನಾಳೆ ನಿನ್ನ ನೂರನೆಯ ದಿನದ ದಾನ. ಅಂಗಳದಲ್ಲಿ ಶಾಮಿಯಾನ ಎದ್ದಿದೆ. ನಿನ್ನ ದೊಡ್ಡ ಮಗಳು, ಅಂದರೆ ನನ್ನ ಹೆಂಡತಿ ಪ್ರನೋಮ್, ಒಲೆಯ ಮುಂದೆ ಕೂತು ಅಂಟಕ್ಕಿ ಬೇಯಿಸುತ್ತಿದ್ದಾಳೆ. ಚಿಕ್ಕವಳು ಲಮೈ ಬಾಳೆಲೆ ಕತ್ತರಿಸುತ್ತಿದ್ದಾಳೆ. ನಾನೂ ಒಂದು ಚಾಕು ಹಿಡಿದುಕೊಂಡು ಹೋದೆ. ಬೀದಿಯ ಹೆಂಗಸರೆಲ್ಲ ಸೇರಿ, ಪಾಪ, ಬಿಸಿಲಿಗೆ ಕರಗಿಹೋಗುತ್ತಾನೆ ಅಂತ ನನ್ನನ್ನು ಫ್ಯಾನಿನ ಕೆಳಗೆ ಅಟ್ಟಿದರು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಗೊಣಗುವುದು ನನ್ನ ಹುಟ್ಟುಗುಣ, ನಿನಗೇ ಗೊತ್ತು. ನನ್ನ ತವರು ದೇಶದ ಡನೀಡಿನ್ ಊರಿನ ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚುತ್ತಾ, ಮಂಡಿ ಸವೆಸಿಕೊಳ್ಳುತ್ತಾ ಗೊಣಗಿದವನು, ಇಲ್ಲಿಗೆ ಬಂದು ಗದ್ದೆಯ ಬದುವಿನಲ್ಲಿ ನಿಂತು ಗೊಣಗಿದೆ. ಗೊಣಗಲು ಈ ಊರಿನಲ್ಲಿ ಬರವೇನೂ ಇರಲಿಲ್ಲ. ಕೋಳಿ ಏಳುವ ಮೊದಲೇ ಊರ ಮುಖಂಡ ಮೈಕಿನಲ್ಲಿ ಶುರುಮಾಡುತ್ತಾನೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾರ ಮನೆಯಲ್ಲಿ ಊಟ ಅಂತ. ನಲ್ಲಿ ರಿಪೇರಿಯವನು ನಾಳೆ ಬರುತ್ತೇನೆ ಎನ್ನುತ್ತಾನೆ, ನಗುತ್ತಾ ಹೇಳುತ್ತಾನೆ, ಬರುವುದಿಲ್ಲ. ಆಗುವುದಿಲ್ಲ ಎನ್ನುವ ಒಂದು ಪದ ಈ ಸೀಮೆಯಲ್ಲಿ ಯಾರ ಬಾಯಿಂದಲೂ ಬೀಳದು. ಆಗದ್ದಕ್ಕೂ ಹೂಂ, ಗೊತ್ತಿಲ್ಲದ್ದಕ್ಕೂ ಹೂಂ. ಜಲಪಾತ ನೋಡಲು ಹೋದರೆ ಪ್ರನೋಮ್‌ಗೆ ಒಂದು ಟಿಕೆಟ್ಟು, ನನಗೆ ಅದರ ಹತ್ತರಷ್ಟು. ನೀರು ನನ್ನ ಮೇಲೇನು ಜಾಸ್ತಿ ಬೀಳುತ್ತದೆಯೇ? ಇನ್ನು ಮೂರು ತಿಂಗಳಿಗೊಮ್ಮೆ ಪಟ್ಟಣದ ವಲಸೆ ಕಚೇರಿಗೆ ಹೋಗಿ, ಅಯ್ಯಾ, ನಾನು ಸತ್ತಿಲ್ಲ, ಓಡಿಹೋಗಿಲ್ಲ, ಅದೇ ಮನೆಯಲ್ಲೇ ಬಿದ್ದಿದ್ದೇನೆ ಅಂತ ವರದಿ ಒಪ್ಪಿಸಬೇಕು. ಒಪ್ಪಿಸಿದರೆ, ಇನ್ನೊಂದು ಜೆರಾಕ್ಸ್ ತಗೊಂಡು ಬಾ ಎನ್ನುತ್ತಾರೆ.

ಇದೆಲ್ಲ ಹೊರಗಿನದು, ಹೇಗೋ ನುಂಗಬಹುದಿತ್ತು. ನುಂಗಲಾಗದ್ದು ಬೇರೆ ಇತ್ತು. ನೂಡಲ್ ಅಂಗಡಿಯ ಹೆಂಗಸು ನಾನು ಎದುರಿಗೇ ನಿಂತಿದ್ದರೂ ಪ್ರನೋಮ್‌ಳನ್ನು ಕೇಳುತ್ತಿದ್ದಳು, "ನಿಮ್ಮ ಪರಂಗಿ ಖಾರ ತಿನ್ನುತ್ತಾ?" ತಿನ್ನುತ್ತಾ ಅಂತೆ, ಎತ್ತನ್ನು ಕೇಳಿದ ಹಾಗೆ. ಊರಿಗೆಲ್ಲ ನಾನು ಪರಂಗಿಯೇ. ಡಂಕನ್ ಎಂಬ ಹೆಸರು ಪಾಸ್‌ಪೋರ್ಟಿನಲ್ಲಿ ತಣ್ಣಗೆ ಮಲಗಿತ್ತು. ಮನೆಯಲ್ಲಾದರೂ ಹೇಗಿತ್ತು? ನೀವೆಲ್ಲ ಚಾಪೆಯ ಮೇಲೆ ಸುತ್ತ ಕೂತು ಒಂದೇ ಬುಟ್ಟಿಯ ಅನ್ನಕ್ಕೆ ಕೈ ಹಾಕುವಾಗ, ನಾನೊಬ್ಬ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬೇರೆ ತಟ್ಟೆ, ಬೇರೆ ಚಮಚ, ಖಾರವಿಲ್ಲದ ಪಲ್ಯ. ಹಿರಿಯರ ತಲೆಗಿಂತ ತಲೆ ಎತ್ತರದಲ್ಲಿರಬಾರದು ಎನ್ನುವ ಊರಿನಲ್ಲಿ ನಾನು ಗೋಡೆ ಮೇಲಿನ ಗೂಬೆಯ ಹಾಗೆ ಎಲ್ಲರ ಮೇಲೆ ಕೂತಿರುತ್ತಿದ್ದೆ. ಇಳಿಯಲು ಹೋದರೆ ನೀನು ಕುರ್ಚಿಯನ್ನು ಕೈಯಿಂದ ತಟ್ಟಿ, "ಕೂತ್ಕೊ, ಅಲ್ಲೇ ಕೂತ್ಕೊ" ಎನ್ನುತ್ತಿದ್ದೆ. ಎರಡು ದಿನದ ನೆಂಟನಿಗೆ ಅದು ಮರ್ಯಾದೆ. ವರ್ಷಗಟ್ಟಲೆ ನೆಂಟನಾಗಿಯೇ ಇರುವುದು ಎಂಥ ಶಿಕ್ಷೆ ಎಂದು ನಿನಗೆ ಹೇಳಲು ನನಗೆ ಮಾತು ಬರಲಿಲ್ಲ.

ನಿನ್ನ ಒಂದು ಕೊರಗು ಮಾತ್ರ ಭಾಷೆ ಬಾರದಿದ್ದರೂ ನನಗೆ ತಿಳಿದಿತ್ತು. ಮಳೆಗಾಲಕ್ಕೆ ಮುಂಚೆ ಊರ ಹುಡುಗರು ಭಿಕ್ಷುಗಳಾಗುವ ಮೆರವಣಿಗೆ ಬಂತೆಂದರೆ, ಎಲೆಯಡಿಕೆ ಜಗಿದು ಬಾಯಿ ಕೆಂಪು ಮಾಡಿಕೊಂಡು ಎಲ್ಲರಿಗಿಂತ ಮುಂದೆ ಕುಣಿಯುವವಳು ನೀನೇ. ಯಾರದೋ ಮಗ, ಯಾರದೋ ಸಂಭ್ರಮ. ಕುಣಿದು ಬಂದು ಜಗಲಿಯಲ್ಲಿ ಕೂತರೆ ಸಂಜೆಯ ತನಕ ಮಾತಿಲ್ಲ. ಒಂದು ಸಲ ಏನಾಯಿತೆಂದು ಕೇಳಿದೆ. ನೀನು ನಿಧಾನವಾಗಿ, ನನಗೆ ತಿಳಿಯಲೆಂದು ಒಂದೊಂದೇ ಪದವಾಗಿ ಹೇಳಿದೆ. "ಎರಡು ಹೆಣ್ಣು ಹೆತ್ತೆ. ಅನ್ನಕ್ಕೆ ಕಡಿಮೆ ಇಲ್ಲ, ಪ್ರೀತಿಗೆ ಕಡಿಮೆ ಇಲ್ಲ. ಸತ್ತಾಗ ಕಾವಿ ಅಂಚು ಹಿಡ್ಕೊಂಡು ಹೋಗೋಕೆ ಗಂಡುಮಗ ಇಲ್ಲ, ಅಷ್ಟೆ." ಮಗ ಕಾವಿ ಉಟ್ಟರೆ ತಾಯಿ ಅದರ ಅಂಚು ಹಿಡಿದು ಸ್ವರ್ಗಕ್ಕೆ ಹೋಗುತ್ತಾಳೆ ಎನ್ನುವುದು ನಿಮ್ಮ ನಂಬಿಕೆ.

ನಾಟಿ ಮುಗಿದ ವಾರ ನೀನು ಬೆಳಿಗ್ಗೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತವಳು ಕಂಬಕ್ಕೆ ಒರಗಿದೆ, ಅಷ್ಟೆ. ಯಾರಿಗೂ ತೊಂದರೆ ಕೊಡದೆ ಹೋದೆ. ನಿನ್ನ ಅಂಗೈಗೆ ನೀರೆರೆದು ಎಲ್ಲರೂ ಕ್ಷಮೆ ಕೇಳಿದರು, ನಾನೂ ಎರೆದೆ. ನಿನ್ನನ್ನು ಮಲಗಿಸಿದ ಪೆಟ್ಟಿಗೆಗೆ ಬಣ್ಣದ ದೀಪ ಹಾಕಿದರು. ಒಂದು ಕಡೆ ಮಂತ್ರ, ಒಂದು ಕಡೆ ಇಸ್ಪೀಟು, ಇನ್ನೊಂದು ಕಡೆ ಕಡಾಯಿಯಲ್ಲಿ ಹಂದಿ ಮಾಂಸ. ನನಗೆ ಕುರ್ಚಿ ಕೊಟ್ಟು ಫ್ಯಾನ್ ತಿರುಗಿಸಿ ಇಟ್ಟರು. ಅಳು ಬಂದರೂ ಅಳುವುದಕ್ಕೆ ಜೊತೆಯಿಲ್ಲದವನ ಹಾಗೆ ಕೂತಿದ್ದೆ.

ಎರಡನೆಯ ದಿನ ಪೆಟ್ಟಿಗೆಯ ಪಕ್ಕದಲ್ಲಿ ಹೊಸ ಕಾವಿ ಬಟ್ಟೆ, ಒಂದು ಕ್ಷೌರದ ಕತ್ತಿ ಕಂಡವು. ಮಂತ್ರ ಹೇಳಿಸುವ ಪಾನ್ ಅಜ್ಜನನ್ನು ಇದು ಯಾರಿಗೆ ಎಂದು ಕೇಳಿದೆ. ನನಗೆ ಗೊತ್ತೇ ಇದೆ ಎಂದುಕೊಂಡು ಆತ ಹೇಳಿಬಿಟ್ಟ. ನಾಳೆ ದಹನಕ್ಕೆ ಮೊದಲು ಮನೆಯ ಗಂಡಸೊಬ್ಬ ತಲೆ ಬೋಳಿಸಿ, ಒಂದು ದಿನದ ಮಟ್ಟಿಗೆ ಕಾವಿ ಉಟ್ಟು, ನಿನ್ನನ್ನು ಚಿತೆಯ ತನಕ ಕರೆದೊಯ್ಯಬೇಕು. ಅದಕ್ಕೆ ಪಕ್ಕದೂರಿನಿಂದ ಯಾವನೋ ದೂರದ ನೆಂಟನನ್ನು ಒಪ್ಪಿಸಿದ್ದಾರೆ. ಅವನು ನಿನ್ನನ್ನು ಸರಿಯಾಗಿ ನೋಡಿಯೂ ಇರಲಿಲ್ಲ ಅಮ್ಮ. ಲಮೈಯ ಗಂಡ ಎಂದೋ ಬಿಟ್ಟುಹೋದವನು. ಮೊಮ್ಮಕ್ಕಳೆಲ್ಲ ಹೆಣ್ಣು. ಮನೆಯ ಗಂಡಸು ಅಂತ ಉಳಿದವನು ನಾನೊಬ್ಬನೇ, ಆ ಕುರ್ಚಿಯ ಮೇಲೆ ಆರಡಿ ಉದ್ದಕ್ಕೆ ಕೂತಿದ್ದೆ. ಒಬ್ಬರಿಗೂ ನಾನು ಕಾಣಲಿಲ್ಲ.

ಆಗ ನಾನು ಕೂಗಿದೆ. ಈ ಸೀಮೆಯಲ್ಲಿ ಸಾವಿನ ಮನೆಯಲ್ಲಿ ದನಿ ಏರಿಸುವುದೂ ಒಂದೇ, ಬಟ್ಟೆ ಬಿಚ್ಚಿ ನಿಲ್ಲುವುದೂ ಒಂದೇ. ಗೊತ್ತಿದ್ದೂ ಕೂಗಿದೆ. ಇಷ್ಟು ವರ್ಷ ಈ ಮನೆಯ ಅನ್ನ ತಿಂದವನು ನಾನು, ಬಾಡಿಗೆ ಮಗ ಯಾಕೆ, ನನಗೆ ತಲೆಯಿಲ್ಲವೇ ಬೋಳಿಸಲು ಅಂತ ಅರ್ಧ ನಿಮ್ಮ ಮಾತಿನಲ್ಲಿ, ಅರ್ಧ ನನ್ನ ಮಾತಿನಲ್ಲಿ. ಇಸ್ಪೀಟಿನವರ ಕೈ ನಿಂತಿತು. ಭಿಕ್ಷುಗಳು ನೆಲ ನೋಡಿದರು. ಜನ ನಕ್ಕರು, ಅದೇ ನಗು, ಮುಜುಗರವನ್ನು ಮುಚ್ಚುವ ನಗು, ನನ್ನ ರಕ್ತ ಕುದಿಸುವ ನಗು. ಪ್ರನೋಮ್ ಮುಖ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಲಮೈ ಬಂದು ನನ್ನ ಕಾಲ ಬಳಿ ಕೂತಳು. ಅವಳಿಗೆ ನನ್ನ ಭಾಷೆ ಬಾರದು, ನನಗೆ ತಿಳಿಯುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. ಕೇಳಬಾರದು ಅಂತ ಅಲ್ಲ ಭಾವ, ಅಮ್ಮನೇ ಕೇಳಬೇಡಿ ಅಂದಿದ್ದಳು. ಕಳೆದ ಬೇಸಿಗೆಯಲ್ಲೇ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಮಾತು ತೆಗೆದುಕೊಂಡಿದ್ದೆಯಂತೆ. ನಿನ್ನ ಮಾತನ್ನು ಅವಳು ನೀನು ಹೇಳಿದ ಹಾಗೇ ಹೇಳಿದಳು.

"ಅವನನ್ನ ಕೇಳಬೇಡಿ. ಅವನಿಗೆ ಮಂಡಿ ಊರೋಕಾಗಲ್ಲ, ಅವನ ದೇವರು ಬೇರೆ. ಬಾಯಲ್ಲಿ ಗೊಣಗ್ತಾನೆ, ನಿಜ. ಆದ್ರೆ ಕೇಳಿದ್ರೆ ಬೇಡ ಅನ್ನಲ್ಲ. ಅದಕ್ಕೇ ಕೇಳಬೇಡಿ."

ಅಮ್ಮಾ, ನಿನ್ನ ಸ್ವರ್ಗವನ್ನು ನನ್ನ ಮಂಡಿಗೋಸ್ಕರ ಬಿಟ್ಟುಕೊಟ್ಟಿದ್ದೆಯಾ? ಎಂಥ ಹೆಂಗಸು ನೀನು. ಈ ಊರಿನ ಸಂಕೋಚವನ್ನು ಕಂಡರೆ ಮೈ ಉರಿದುಕೊಳ್ಳುತ್ತಿದ್ದವನು ನಾನು. ಬಾಯಿಬಿಟ್ಟು ಕೇಳಬಾರದೇ, ಬೇಕು ಬೇಡ ಹೇಳಬಾರದೇ ಎಂದು ಪ್ರನೋಮ್‌ಳ ತಲೆ ತಿಂದಿದ್ದೆ. ನನ್ನನ್ನು ಹೊರಗಿಟ್ಟಿದ್ದಾರೆ ಎಂದು ನಾನು ಹಲ್ಲು ಕಡಿಯುತ್ತಿದ್ದರೆ, ನನಗೆ ನೋಯಬಾರದೆಂದು ನೀವು ಬಾಯಿ ಕಟ್ಟಿಕೊಂಡಿದ್ದಿರಿ. ನಿಮಗೆ ಕೇಳಲು ಬಾರದು, ನನಗೆ ಕೂಗದೆ ಹೇಳಲು ಬಾರದು. ನಾನು ಅತ್ತುಬಿಟ್ಟೆ ಅಮ್ಮ, ಜೋರಾಗಿಯೇ. ಲಮೈ ನನ್ನ ಪಾದವನ್ನು ಹಿಡಿದುಕೊಂಡು ತಾನೂ ಅತ್ತಳು.

ವಿಹಾರದ ಹಿರಿಯ ಭಂತೆಯವರು ಹೆಚ್ಚು ಕೇಳಲಿಲ್ಲ. ಅವನಿಗೆ ಇಷ್ಟವೇ ಎಂದರು, ಇಷ್ಟ ಎಂದೆ. ಮರುದಿನ ಬೆಳಿಗ್ಗೆ ಪ್ರನೋಮ್ ಮೊದಲ ಕೂದಲು ಕತ್ತರಿಸಿ ತಾವರೆ ಎಲೆಯಲ್ಲಿ ಹಿಡಿದಳು. ಇದ್ದ ಕೂದಲೇ ನಾಲ್ಕು, ಪಾನ್ ಅಜ್ಜ ಎಲೆ ಇಷ್ಟು ದೊಡ್ಡದು ಯಾಕೆ ತಂದಿರಿ ಎಂದು ಅವಳನ್ನು ನಗಿಸಿದ. ಹುಬ್ಬನ್ನೂ ಬೋಳಿಸಿದರು. ನಿನ್ನ ದೇಶದ ಕಾವಿ ನನ್ನ ಅಳತೆಗೆ ಹೊಲಿದದ್ದಲ್ಲ ನೋಡು, ಮೀನಖಂಡದ ತನಕವೇ ಬಂತು. ಗುಲಾಬಿ ಬಣ್ಣದ ಮುದಿ ಮರಿಭಿಕ್ಷುವನ್ನು ನೋಡಿ ಊರ ಮಕ್ಕಳು ಬಿದ್ದು ಬಿದ್ದು ನಕ್ಕವು. ಬುದ್ಧಂ ಸರಣಂ ಗಚ್ಛಾಮಿ ಎಂದು ಭಂತೆ ಹೇಳಿದ್ದನ್ನು ಒಂದೊಂದೇ ಅಕ್ಷರವಾಗಿ ಹೇಳಿದೆ. ನಾನು ತಡವರಿಸಿದಲ್ಲೆಲ್ಲ ಹಿಂದೆ ಕೂತ ಹೆಂಗಸರು ಮೆಲ್ಲಗೆ ಎತ್ತಿಕೊಟ್ಟರು. ಮಂಡಿ ಊರಿಯೇ ಹೇಳಿದೆ. ನೋವಾಯಿತು, ಸುಳ್ಳು ಯಾಕೆ ಹೇಳಲಿ. ನೋಯಲಿ ಎಂದುಕೊಂಡೆ.

ಆಮೇಲೆ ನಿನ್ನ ಪೆಟ್ಟಿಗೆಗೆ ಕಟ್ಟಿದ ಬಿಳಿ ದಾರದ ತುದಿಯನ್ನು ನನ್ನ ಕೈಗೆ ಕೊಟ್ಟರು. ಭಂತೆಯವರ ಹಿಂದೆ ನಾನು, ನನ್ನ ಹಿಂದೆ ನೀನು. ಚಿತಾಗಾರಕ್ಕೆ ಮೂರು ಸುತ್ತು. ಕೊನೆಯ ಸುತ್ತಿನಲ್ಲಿ ಕಾಲು ಕುಸಿಯಿತು. ಪ್ರನೋಮ್ ಪಕ್ಕದಲ್ಲೇ ಇದ್ದಳು, ಅವಳ ಕೈ ತಾನಾಗಿ ಮುಂದೆ ಬಂತು, ಬಂದು ಗಾಳಿಯಲ್ಲೇ ನಿಂತಿತು. ಕಾವಿ ಉಟ್ಟವನನ್ನು ಹೆಂಗಸು ಮುಟ್ಟುವ ಹಾಗಿಲ್ಲವಲ್ಲ. ಪಾನ್ ಅಜ್ಜ ತೋಳು ಹಿಡಿದ. ದಾರ ಮಾತ್ರ ನಾನು ಬಿಡಲಿಲ್ಲ ಅಮ್ಮ. ಮೆಟ್ಟಿಲ ಬಳಿ ಪ್ರನೋಮ್ ನೆಲಕ್ಕೆ ಬಾಗಿ ನನಗೆ ಕೈಮುಗಿದಳು. ನೂಡಲ್ ಅಂಗಡಿಯವಳೂ ಮುಗಿದಳು. ಹೆಂಡತಿ ಕೈಮುಗಿದರೂ ಕಾವಿ ಉಟ್ಟ ನಾನು ತಿರುಗಿ ಮುಗಿಯುವ ಹಾಗಿಲ್ಲ. ಅವಳ ಕಣ್ಣು ನೋಡಿಕೊಂಡು ನಿಂತಿದ್ದೆ.

ಸಂಜೆ ಕಾವಿ ಬಿಚ್ಚಿ ಕೊಟ್ಟು ಮನೆಗೆ ಬಂದೆ. ಹುಬ್ಬು ಬೆಳೆಯುವ ಮೊದಲೇ ವಲಸೆ ಕಚೇರಿಯ ಸರದಿ ಬಂತು. ಅಲ್ಲಿಯ ಗಂಟುಮುಖದ ಅಧಿಕಾರಿ ಪಾಸ್‌ಪೋರ್ಟಿನ ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. "ಯಾರು ಹೋದ್ರು?" ಅಂದ. ಅಮ್ಮ ಎಂದೆ. ಎದ್ದು ನಿಂತು ಕೈಮುಗಿದ. ಕೂತ ಮೇಲೆ, ಇನ್ನೊಂದು ಜೆರಾಕ್ಸ್ ಬೇಕು ಎಂದ. ಏನೂ ಬದಲಾಗಿಲ್ಲ ಅಮ್ಮ. ಮೈಕು ಇವತ್ತು ಬೆಳಿಗ್ಗೆಯೂ ಕೂಗಿತು, ನಲ್ಲಿಯವನು ಇನ್ನೂ ಬಂದಿಲ್ಲ, ನಾನೂ ಗೊಣಗುವುದು ಬಿಟ್ಟಿಲ್ಲ.

ಈಗ ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತೇನೆ. ಆ ಒಂದು ದಿನದ ಪುಣ್ಯ ಪೂರ್ತಿ ನಿನ್ನದು. ಅವನಿಗೂ ಇರಲಿ ಅಂತ ಅರ್ಧ ಎತ್ತಿಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಕಾವಿ ಗಿಡ್ಡವಾಯಿತು, ನಿಜ, ಆದರೆ ಅಂಚು ಗಟ್ಟಿಯಾಗಿತ್ತು, ಬಿಗಿಯಾಗಿ ಹಿಡಿದುಕೋ. ಅವನಿಗೆ ಭಾರವಾದೀತು ಎಂದು ಕೈ ಸಡಿಲ ಬಿಡಬೇಡ. ಕೇಳಿದರೆ ಬೇಡ ಅನ್ನುವವನಲ್ಲ ಎಂದು ನನ್ನನ್ನು ಸರಿಯಾಗಿಯೇ ಅಳೆದಿದ್ದೆ. ನೀನು ಅಳೆಯದೆ ಬಿಟ್ಟದ್ದು ಒಂದೇ. ಕೇಳದಿದ್ದರೂ ಬರುವಷ್ಟು ನಾನು ನಿನ್ನವನಾಗಿದ್ದೆ ಅಮ್ಮ.

ಹೋದ ದಾರಿಯೆಲ್ಲ ನೆರಳಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಳಿಯ,
ಡಂಕನ್