ನಮ್ಮ ನೆಲಕ್ಕೆ ಬೆಲೆಯಿಲ್ಲವೆಂದು ಹೇಳಿ ಗೆದ್ದ ದಿನ

ಪ್ರೀತಿಯ ತಮ್ಮ ಎಫ್ರೇಮ್,

ಭಾನುವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತಿದರೂ "ಆಯ್ತಕ್ಕ, ಆಯ್ತು" ಎಂದು ಅರ್ಧಕ್ಕೇ ಇಟ್ಟುಬಿಡುವವನು ನೀನು. ಅದಕ್ಕೇ ಬರೆಯುತ್ತಿದ್ದೇನೆ. ಬಂದರಿನ ಕೆಲಸದಿಂದ ಬಂದವನು ಊಟ ಮಾಡಿ, ಸಮಾಧಾನವಾಗಿ ಕೂತು ಓದು.

ನಮ್ಮ ದ್ವೀಪದ ದಕ್ಷಿಣ ತುದಿಯಲ್ಲಿ ಗಾಲ್ಫ್ ಮೈದಾನ ಬಂದದ್ದು ನಿನಗೆ ಗೊತ್ತು. ಈಗ ಅದರ ಗೇಟು ಸ್ಮಶಾನವನ್ನೂ ನುಂಗಿದೆ. ಬೀಟ್ರಿಸ್ ಅತ್ತೆ ತನ್ನ ಗಂಡನ ಗೋರಿಗೆ ಹೂವಿಡಬೇಕಾದರೂ ಕಾವಲುಗಾರನಿಗೆ ಹೆಸರು ಹೇಳಿ ಕಾಯಬೇಕು. ಬಂಗಲೆಗಳು ಎದ್ದ ಹಾಗೆ ನಮ್ಮ ತೆರಿಗೆಯೂ ಎದ್ದಿತು. ನಮ್ಮ ಮನೆತನದ ಜೌಗು ನೆಲಕ್ಕೂ ಕೌಂಟಿಯ ತೆರಿಗೆ ಕಚೇರಿಯವರು ಬಂಗಲೆ ನಿವೇಶನದ ಬೆಲೆಯನ್ನೇ ಕಟ್ಟಿದ್ದರು. ತೆರಿಗೆ ಕಟ್ಟಲಾಗದವರ ನೆಲ ಕೋರ್ಟಿನ ಮೆಟ್ಟಿಲ ಮೇಲೆ ಹರಾಜಾಗುತ್ತದೆ. ಲೂಥರ್ ಮನೆಯವರದು ಹಾಗೆಯೇ ಹೋಯಿತು. ಅವರ ಬಾವಿ ಇದ್ದಲ್ಲಿ ಈಗ ಈಜುಕೊಳವಿದೆ.

ಹೋದ ವರ್ಷ ನಾನೇ ದೋಣಿ ಹತ್ತಿ ಆ ಕಚೇರಿಗೆ ಹೋಗಿ ಬೇಡಿಕೊಂಡಿದ್ದೆ. ಕೌಂಟರಿನ ಹೆಂಗಸು ನಕ್ಕಳು. "ಅಲ್ಲಮ್ಮಾ, ಆಸ್ತಿ ಬೆಲೆ ಏರಿದ್ರೆ ಯಾರಾದ್ರೂ ಅಳ್ತಾರಾ?" ಅದೇ ದೋಣಿಯಲ್ಲಿ ಹಿಂದಿರುಗಿದೆ. ಈ ಸಲ ಚರ್ಚಿನವರು ವಕೀಲೆ ವರ್ನೆಲ್ಲಾ ಗ್ಯಾಡ್ಸನ್ ಹೆಸರು ಹೇಳಿದರು. ಇಂಥ ತೆರಿಗೆ ಮೇಲ್ಮನವಿಗಳನ್ನೇ ನಡೆಸುವವಳು, ನಮ್ಮ ಕಡೆಯ ಹುಡುಗಿ. ಕಚೇರಿಯಲ್ಲಿ ಕೂತು ಮಾತಾಡದೆ ನೇರ ದ್ವೀಪಕ್ಕೇ ಬಂದಳು. ಮರಳಿನಲ್ಲಿ ಕಾಲು ಹೂತುಕೊಂಡು, "ಡೋಸಿ ಅಮ್ಮಾ, ರಸ್ತೆ ಎಲ್ಲಿ?" ಎಂದಳು. "ನೀನು ನಿಂತಿರೋದೇ ರಸ್ತೆ ಮಗಳೇ" ಎಂದೆ. ಇಬ್ಬರೂ ನಕ್ಕೆವು. ಆ ಮರಳು, ಕೈಪಂಪು, ಹಿತ್ತಿಲವರೆಗೆ ನುಗ್ಗುವ ಉಪ್ಪುನೀರು ಎಲ್ಲದರ ಫೋಟೊ ತೆಗೆದಳು. ಟೊಮೆಟೊ, ಸೀಗಡಿ ಹಾಕಿ ಮಾಡಿದ ನಮ್ಮ ಕೆಂಪನ್ನವನ್ನು ಎರಡು ಸಲ ಬಡಿಸಿಕೊಂಡು ತಿಂದಳು.

ಹೊರಡುವಾಗ ಮಾತ್ರ ಅವಳ ಮುಖದಲ್ಲಿ ನಗು ಇರಲಿಲ್ಲ. "ಅಮ್ಮಾ, ಇದನ್ನ ಗೆಲ್ಲಬಹುದು. ಆದ್ರೆ ಈ ನೆಲ ಅಷ್ಟೊಂದು ಬೆಲೆ ಬಾಳಲ್ಲ ಅಂತ ನೀವೇ ಪ್ರಮಾಣ ಮಾಡಿ ಹೇಳ್ಬೇಕಾಗುತ್ತೆ. ಆ ಮಾತು ದಾಖಲೆಯಲ್ಲಿ ಉಳಿಯುತ್ತೆ. ಯಾರು ಬೇಕಾದ್ರೂ ಓದಬಹುದು." ಹರಾಜು ಕುತ್ತಿಗೆಗೆ ಬಂದಿತ್ತು. "ಓದ್ಲಿ ಬಿಡು" ಎಂದೆ.

ವಿಚಾರಣೆಯ ದಿನ ನಾನು ಹೇಳಿದೆ, ತಮ್ಮಾ. ಇಲ್ಲಿ ನೀರು ಉಪ್ಪು, ಬೆಂಡೆ ಬಿಟ್ಟರೆ ಬೇರೇನೂ ಸರಿಯಾಗಿ ಬೆಳೆಯುವುದಿಲ್ಲ, ರಾತ್ರಿ ಕಾಯಿಲೆಯಾದರೆ ಆಸ್ಪತ್ರೆಗೆ ದೋಣಿಯಿಲ್ಲ ಎಂದೆ. ಒಂದೂ ಸುಳ್ಳಲ್ಲ. ಆದರೂ ಗುಲಾಮಗಿರಿಯ ಸಂಕೋಲೆ ಕಳಚಿದ ಮೇಲೆ ಮುತ್ತಜ್ಜಿ ಬುಟ್ಟಿ ಹೆಣೆದು ಮಾರಿ ಕೊಂಡ ನೆಲವನ್ನು ನಾಲ್ಕು ಜನರೆದುರು ಹೀಗಳೆಯುತ್ತಿದ್ದರೆ ನಾಲಿಗೆ ಕಹಿಯಾಯಿತು. ವರ್ನೆಲ್ಲಾ ಫೋಟೊಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. ರಸ್ತೆಯಿಲ್ಲದ ನೆಲಕ್ಕೂ ಗೇಟಿನೊಳಗಿನ ನೆಲಕ್ಕೂ ಒಂದೇ ಬೆಲೆ ಹೇಗೆ ಎಂದು ಕೇಳಿದಳು. ಮೇಲ್ಮನವಿ ಮಂಡಳಿಯವರು ಫೋಟೊಗಳನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಬೆಲೆ ಇಳಿಸಿದರು. ನಾವು ಗೆದ್ದೆವು.

ಹಿಂದಿನ ಬೆಂಚಿನಲ್ಲಿ ಬೂದು ಟೋಪಿಯವನೊಬ್ಬ ನಾನಾಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಹೊರಗೆ ಬಂದಾಗ ಟೋಪಿ ತೆಗೆದು ಬಾಗಿದ. "ತುಂಬಾ ಚೆನ್ನಾಗಿ ಹೇಳಿದ್ರಿ ಅಮ್ಮಾ. ನಾನೂ ಈಗ ನಿಮ್ಮ ಪಾಲುದಾರನೇ. ರೂಫಸ್ ಅವರು ತಮ್ಮ ಪಾಲನ್ನ ನನಗೆ ಮಾರಿದ್ದಾರೆ."

ನಮ್ಮ ದೊಡ್ಡಪ್ಪನ ಮಗ ರೂಫಸ್! ವರ್ನೆಲ್ಲಾ ನನ್ನ ಮೊಳಕೈ ಹಿಡಿದಳು. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಉಯಿಲಿಲ್ಲದ ನೆಲ ನಮ್ಮದು, ವಾರಸುದಾರರೆಲ್ಲರದೂ ಕೂಡುಪಾಲು. ಒಂದು ಪಾಲು ಕೊಂಡವನೂ ಇಡೀ ನೆಲವನ್ನು ಮಾರಿಸಿ ಎಂದು ಕೋರ್ಟಿಗೆ ಹೋಗಬಹುದಂತೆ. ಪಾಲು ಹೆಚ್ಚಿದಷ್ಟೂ ಅವನ ಕೈ ಮೇಲಾಗುತ್ತದಂತೆ. ಉಳಿದವರಿಂದ ಅಗ್ಗಕ್ಕೆ ಬರೆಸಿಕೊಳ್ಳಲು ಅವನ ಬಳಿ ಈಗ ನನ್ನದೇ ಮಾತಿದೆ. "ನೋಡಿ, ನಿಮ್ಮಕ್ಕನೇ ಪ್ರಮಾಣ ಮಾಡಿ ಹೇಳಿದಾರೆ, ಇದು ಬಾಳಲ್ಲ ಅಂತ" ಎನ್ನಬಹುದು. ಆ ಮಾತು ತೆರಿಗೆಯವರಿಗೆ ಹೇಳಿದ್ದು, ನಿನಗಲ್ಲ. ಈ ನೆಲ ಏನು ಬಾಳುತ್ತದೆ ಎಂದು ನಿನಗೆ ನಾನು ಹೇಳಿಕೊಡಬೇಕೇ?

ಇನ್ನು ನನ್ನ ನಿದ್ದೆ ಕೆಡಿಸಿದ ಮಾತು. ಅವನು ಟೋಪಿ ಹಾಕಿಕೊಂಡು ಎರಡು ಹೆಜ್ಜೆ ಹೋದವನು ತಿರುಗಿ, ನೆಂಟನಂತೆ ಮೆಲ್ಲಗೆ ಕೇಳಿದ. "ಎಫ್ರೇಮ್ ಅವರ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತೋಕೆ ಆಗ್ತಿದ್ಯಾ?"

ತಮ್ಮಾ, ನಿನಗೆ ಮಂಡಿನೋವಿದೆ ಎಂದು ನನಗೇ ಗೊತ್ತಿರಲಿಲ್ಲ.

ಅವನು ನಿನ್ನ ಮನೆಯೊಳಗೆ ಬಂದು ಕೂತಿದ್ದನೇ? ಯಾವ ಕಾಗದ ಮುಂದಿಟ್ಟ? ನೀನು ಏನು ಬರೆದುಕೊಟ್ಟೆ? ಬರೆದುಕೊಟ್ಟಿದ್ದರೂ ನಾನು ಬೈಯುವುದಿಲ್ಲ. ಇನ್ನೂ ದಾರಿ ಇರಬಹುದು, ಆದರೆ ಬೇಗ ತಿಳಿಯಬೇಕು ಎಂದಿದ್ದಾಳೆ ವರ್ನೆಲ್ಲಾ. ಈ ಹಾಳೆ ಕೆಳಗಿಟ್ಟ ಕೂಡಲೇ ಅವಳಿಗೆ ಫೋನ್ ಮಾಡು.

ದೇವರು ನಿನ್ನ ಮಂಡಿಗೆ ಬಲ ಕೊಡಲಿ, ಎಫ್ರೇಮ್. ಸಹಿ ಹಾಕುವ ನಿನ್ನ ಬಲಗೈಯನ್ನೂ ಆ ದೇವರೇ ಕಾಯಲಿ.

ನಿನ್ನ ದನಿಗಾಗಿ ಕಾದಿರುವ ಅಕ್ಕ,
ಡೋಸಿ